ತಪ್ಪು ಊರಲ್ಲಿ ಕೂರಿಸಿದ ಗೂಬೆ

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಕೇಳೋಕೆ ಪುರುಸೊತ್ತಿಲ್ಲ ಅಂತ ಇಲ್ಲಿ ಪಠ್ಯ ಓದ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತು ಮೊದಲು ಒಂದು ತಪ್ಪೊಪ್ಪಿಗೆ. ಎರಡು ಎಪಿಸೋಡ್ ಹಿಂದೆ ಜೋಯಿಡಾ ಪ್ರವಾಸದ ಬಗ್ಗೆ ಮಾತಾಡಿದ್ದೆ, ನೆನಪಿದೆಯಾ? ಬೆಳಗ್ಗೆ ಒಂಬತ್ತು ಗಂಟೆಗೆ, ಚೆನ್ನಾಗಿ ಬಿಸಿಲಿರುವಾಗ, ಕಾಡಂಚಿನ ಮರದಲ್ಲಿ ಮೈನಾ ಗಾತ್ರದ ಒಂದು ಪುಟ್ಟ ಗೂಬೆ ಕಂಡಿತು ಅಂದಿದ್ದೆ. "ಇದು ಫಾರೆಸ್ಟ್ ಔಲೆಟ್. ನೂರು ವರ್ಷಕ್ಕೂ ಹೆಚ್ಚು ಕಾಲ ಕಾಣೆಯಾಗಿದ್ದ ಹಕ್ಕಿ. ನಮ್ಮ ಕರ್ನಾಟಕದಲ್ಲೇ ಇದೆ ನೋಡಿ!" ಅಂತ ದೊಡ್ಡ ದನಿಯಲ್ಲಿ ಹೇಳಿದ್ದೆ. ಫೋಟೋನೂ ಹಾಕಿದ್ದೆ. ತುಂಬಾ ಜನ ಶೇರ್ ಮಾಡಿದ್ರಿ.

ಅದು ತಪ್ಪು. ನಾನು ನೋಡಿದ್ದು ಫಾರೆಸ್ಟ್ ಔಲೆಟ್ ಅಲ್ಲವೇ ಅಲ್ಲ. ಜಂಗಲ್ ಔಲೆಟ್ ಅನ್ನೋ ಬೇರೆ ಗೂಬೆ. ನಮ್ಮ ಕಾಡುಗಳಲ್ಲಿ ಅದು ಧಾರಾಳವಾಗಿ ಸಿಗುತ್ತೆ.

ಗೊತ್ತಾಗಿದ್ದು ಹೇಗೆ ಅಂದ್ರೆ, ಆ ದಿನದ ಪಟ್ಟಿನ ನಾನು ಇ-ಬರ್ಡ್‌ಗೆ ಹಾಕಿದ್ದೆ. ಪಟ್ಟಿಗಳನ್ನ ಪರಿಶೀಲಿಸೋ ಸ್ವಯಂಸೇವಕರು ಇರ್ತಾರೆ. ಅವರಲ್ಲೊಬ್ಬ ಹಿರಿಯರಿಂದ ಮೇಲ್ ಬಂತು. ಬೈಗುಳ ಇಲ್ಲ, ವ್ಯಂಗ್ಯ ಇಲ್ಲ. ಮೂರೇ ಪ್ರಶ್ನೆ. "ನೋಡಮ್ಮಾ, ನೆತ್ತಿ ಹೇಗಿತ್ತು? ಕತ್ತಿನ ಹಿಂಭಾಗದಲ್ಲಿ ಏನಿತ್ತು? ಹೊಟ್ಟೆ ಮೇಲೆ ಪಟ್ಟೆ ಇತ್ತಾ, ಚುಕ್ಕೆ ಇತ್ತಾ, ಬಿಳಿ ಇತ್ತಾ?" ನಾನು ಫೋಟೋ ಜೂಮ್ ಮಾಡಿದೆ. ನೆತ್ತಿ ತುಂಬಾ ಸಣ್ಣ ಸಣ್ಣ ಅಡ್ಡ ಪಟ್ಟೆ. ಬೆನ್ನು ಪಟ್ಟೆ. ಎದೆಯಿಂದ ಹೊಟ್ಟೆವರೆಗೂ ಪಟ್ಟೆ. ಉತ್ತರ ಫೋಟೋದಲ್ಲೇ ಇತ್ತು. ನಾನು ನೋಡಿರಲಿಲ್ಲ, ಅಷ್ಟೇ.

ಅಲ್ಲಿಗೇ ಮುಗಿದಿದ್ರೆ ಒಂದು ಸಾಲಿನ ತಿದ್ದುಪಡಿ ಹಾಕಿ ಸುಮ್ಮನಾಗ್ತಿದ್ದೆ. ಆದರೆ ಅದೇ ವಾರ ಹುಬ್ಬಳ್ಳಿಯ ಕೇಳುಗರೊಬ್ಬರಿಂದ ಮೆಸೇಜ್ ಬಂತು. ಅವರು ನಾಲ್ಕು ಜನ ಗೆಳೆಯರು ಎರಡು ಬೈಕಲ್ಲಿ, ರಜೆ ಹಾಕಿ, ಸ್ನೇಹಿತನ ಹತ್ರ ದೊಡ್ಡ ಲೆನ್ಸ್ ಎರವಲು ತಗೊಂಡು, ನಾನು ಹೇಳಿದ ಜಾಗಕ್ಕೆ ಹೋಗಿದ್ದರಂತೆ. "ಅಕ್ಕಾರ, ಎರಡು ದಿನ ಹುಡುಕಿದ್ವಿ, ಸಿಗ್ಲಿಲ್ರೀ. ಮೊಬೈಲ್‌ನ್ಯಾಗ ಅದರ ಕೂಗು ಹಾಕಿ ಕರದ್ವಿ, ಆದ್ರೂ ಬರ್ಲಿಲ್ಲ" ಅಂತ ಬರೆದಿದ್ರು.

ಅದನ್ನ ಓದಿ ಬೇಜಾರಾಯ್ತು. ಅವರ ಎರಡು ದಿನ, ಪೆಟ್ರೋಲು, ರೂಮಿನ ದುಡ್ಡು ಹೋಯ್ತು ಅನ್ನೋದು ಒಂದು. ಆ ಮರಗಳಲ್ಲಿದ್ದ ಬೇರೆ ಹಕ್ಕಿಗಳು ಎರಡು ದಿನ ಸ್ಪೀಕರ್ ಸದ್ದು ಕೇಳಬೇಕಾಯ್ತು ಅನ್ನೋದು ಇನ್ನೊಂದು. ಇದೆಲ್ಲ ಆಗಿದ್ದು ನಾನು ಒಂದು ಹಕ್ಕಿಯ ಹೆಸರನ್ನ ತಪ್ಪು ಊರಿನ ಮುಂದೆ ಬರೆದಿದ್ದಕ್ಕೆ. ನಮ್ಮಲ್ಲಿ ಮಾಡಿದ ತಪ್ಪನ್ನ ಇನ್ನೊಬ್ಬರ ತಲೆಗೆ ಕಟ್ಟೋದಕ್ಕೆ "ಗೂಬೆ ಕೂರಿಸೋದು" ಅಂತಾರಲ್ಲ, ಅದನ್ನ ನಾನು ಮಾಡಲ್ಲ. ಫೋನ್ ಮೇಲೂ ಇಲ್ಲ, ಆ್ಯಪ್ ಮೇಲೂ ಇಲ್ಲ. ತಪ್ಪು ನನ್ನದು. ಆ ನಾಲ್ಕು ಜನಕ್ಕೆ ಫೋನ್ ಮಾಡಿ ಕ್ಷಮೆ ಕೇಳಿದ್ದೀನಿ. ಇಲ್ಲೂ ಕೇಳ್ತಿದ್ದೀನಿ.

ಹಾಗಾಗಿ ಇವತ್ತಿನ ಎಪಿಸೋಡ್ ಪೂರ್ತಿ ಆ ಫಾರೆಸ್ಟ್ ಔಲೆಟ್ ಬಗ್ಗೇನೇ. ಅದನ್ನ ಗುರುತಿಸೋದು ಹೇಗೆ, ಅದು ನಿಜವಾಗಿ ಎಲ್ಲಿದೆ, ಹೇಗೆ ಬದುಕುತ್ತೆ. ಜೊತೆಗೆ, ನನಗಿಂತ ಎಷ್ಟೋ ದೊಡ್ಡ ಮನುಷ್ಯನೊಬ್ಬ ಇದೇ ಹಕ್ಕಿಯನ್ನ ಬೇಕು ಅಂತಲೇ ತಪ್ಪು ಊರಲ್ಲಿ ಕೂರಿಸಿದ ಕಥೆ.

ಮೊದಲು ಹೆಸರಿನ ಗೋಜಲು. ಜಂಗಲ್ ಅಂದ್ರೂ ಕಾಡು, ಫಾರೆಸ್ಟ್ ಅಂದ್ರೂ ಕಾಡು. ಎರಡನ್ನೂ ಕನ್ನಡಕ್ಕೆ ತಂದ್ರೆ ಕಾಡು ಗೂಬೆ ಅಂತಲೇ ಆಗುತ್ತೆ. ನಾನು ಬಿದ್ದಿದ್ದು ಅಲ್ಲೇ. ಕಾಡಲ್ಲಿ ಕಂಡಿತು, ಹಗಲಲ್ಲಿ ಕಂಡಿತು, ಫಾರೆಸ್ಟ್ ಔಲೆಟ್ ಹಗಲಲ್ಲಿ ಓಡಾಡುತ್ತೆ ಅಂತ ಎಲ್ಲೋ ಓದಿದ್ದೆ. ಮುಗೀತು, ಲೆಕ್ಕ ಕೂಡಿಸಿಬಿಟ್ಟೆ. ಆದರೆ ಈ ಪುಟ್ಟ ಗೂಬೆಗಳಲ್ಲಿ ಸುಮಾರು ಎಲ್ಲವೂ ಹಗಲು ಹೊತ್ತಲ್ಲಿ ಒಮ್ಮೊಮ್ಮೆ ಕಾಣಿಸಿಕೊಳ್ತವೆ. ಹಗಲಲ್ಲಿ ಕಂಡಿದ್ದು ಮಾತ್ರ ಗುರುತಿಗೆ ಸಾಲಲ್ಲ.

ಮೂರು ಗೂಬೆಗಳನ್ನ ಮನಸ್ಸಲ್ಲಿ ಇಟ್ಟುಕೊಳ್ಳಿ.

ಒಂದನೇದು ಹಾಲಕ್ಕಿ. ಇಂಗ್ಲಿಷಲ್ಲಿ ಸ್ಪಾಟೆಡ್ ಔಲೆಟ್. ಸುಮಾರು 21 ಸೆಂಟಿಮೀಟರ್. ಬುಡಬುಡಿಕೆಯವರು "ಹಾಲಕ್ಕಿ ನುಡೀತೈತೆ" ಅಂತ ಶುರು ಮಾಡ್ತಾರಲ್ಲ, ಪಕ್ಷಿ ನೋಡೋರು ಆ ಹೆಸರಿಂದ ಕರೆಯೋದು ಇದನ್ನೇ. ತಿಪಟೂರು ಕಡೆಯ ನಮ್ಮ ತೋಟದ ಹಳೇ ಮಾವಿನ ಪೊಟರೆಯಲ್ಲಿ ಒಂದು ಜೋಡಿ ಇತ್ತು. ಸಂಜೆ ಆದ್ರೆ ಸಾಕು, ಗಂಡ ಹೆಂಡ್ತಿ ಜಗಳ ಆಡೋ ಥರ ಕಿರ್ರ್ ಚಿರ್ರ್ ಅಂತ ಗಲಾಟೆ. ಇದರ ಗುರುತು ಚುಕ್ಕೆ. ನೆತ್ತಿ ಮೇಲೆ ಬಿಳಿ ಚುಕ್ಕೆ, ಬೆನ್ನ ಮೇಲೆ ಬಿಳಿ ಚುಕ್ಕೆ, ಕತ್ತಿನ ಹಿಂದೆ ಮಾಸಲು ಬಿಳಿ ಕಾಲರ್ ಥರ ಒಂದು ಗೆರೆ. ಎದೆ, ಹೊಟ್ಟೆ ಮೇಲೆ ಕಂದು ಕಲೆಗಳು.

ಎರಡನೇದು ಜಂಗಲ್ ಔಲೆಟ್, ನಾನು ನೋಡಿದ್ದು. ಸುಮಾರು 20 ಸೆಂಟಿಮೀಟರ್. ಇದರ ಗುರುತು ಪಟ್ಟೆ. ಉರುಟು ತಲೆಯಿಂದ ಬಾಲದ ತುದಿವರೆಗೆ ಒತ್ತೊತ್ತಾಗಿ ಸಣ್ಣ ಅಡ್ಡ ಪಟ್ಟೆಗಳು. ದಕ್ಷಿಣದ ಪಶ್ಚಿಮ ಘಟ್ಟದ ಕಡೆ ಸಿಗೋದಕ್ಕೆ ತಲೆ ಇನ್ನೂ ಸ್ವಲ್ಪ ಕೆಂಪು ಕಂದು. ಕೂಗು ನಿಧಾನಕ್ಕೆ ಶುರುವಾಗಿ, ಆಮೇಲೆ ಬೈಕ್ ಕಿಕ್ ಹೊಡೆದು ಸ್ಟಾರ್ಟ್ ಆದ ಹಾಗೆ ವೇಗ ಹಿಡಿಯುತ್ತೆ.

ಮೂರನೇದು ಫಾರೆಸ್ಟ್ ಔಲೆಟ್. ಸುಮಾರು 23 ಸೆಂಟಿಮೀಟರ್. ಎರಡು ಮೂರು ಸೆಂಟಿಮೀಟರ್ ವ್ಯತ್ಯಾಸ ದೂರದಿಂದ ಗೊತ್ತಾಗಲ್ಲ, ಅದನ್ನ ನೆಚ್ಚಿಕೊಳ್ಳಬೇಡಿ. ನೆತ್ತಿ ನೋಡಿ. ಚುಕ್ಕೆ ಅಷ್ಟಾಗಿ ಕಾಣಲ್ಲ, ಬಹುಪಾಲು ಸಾದಾ ಬೂದು ಕಂದು. ಬೆನ್ನೂ ಹಾಗೇ ಸಾದಾ. ಕತ್ತಿನ ಹಿಂದೆ ಹಾಲಕ್ಕಿಗಿರೋಥರ ಎದ್ದು ಕಾಣೋ ಕಾಲರ್ ಇಲ್ಲ. ಆದರೆ ರೆಕ್ಕೆಯಲ್ಲಿ, ಬಾಲದಲ್ಲಿ ಕಪ್ಪು ಕಂದು ಮತ್ತು ಬಿಳಿಯ ಅಗಲವಾದ ಪಟ್ಟೆಗಳು ಎದ್ದು ಕಾಣ್ತವೆ. ಎದೆ ಗಾಢ ಕಂದು, ಹೊಟ್ಟೆಯ ನಡುಭಾಗ ಅಚ್ಚ ಬಿಳಿ. ತಲೆ, ಕೊಕ್ಕು, ಉಗುರು ಎಲ್ಲ ಮೈಗೆ ಹೋಲಿಸಿದ್ರೆ ಸ್ವಲ್ಪ ದೊಡ್ಡದು ಅನಿಸುತ್ತೆ. ಕಾಲಿಗೆ ಬಿಳಿ ಪುಕ್ಕದ ಪೈಜಾಮ ಹಾಕಿದ ಹಾಗೆ ದಪ್ಪ ಪುಕ್ಕ.

ಚುಕ್ಕೆ ಇದ್ರೆ ಹಾಲಕ್ಕಿ, ಮೈಯೆಲ್ಲ ಸಣ್ಣ ಪಟ್ಟೆ ಇದ್ರೆ ಜಂಗಲ್ ಔಲೆಟ್, ಸಾದಾ ನೆತ್ತಿ ಮತ್ತೆ ಬಿಳಿ ಹೊಟ್ಟೆ ಇದ್ರೆ ಫಾರೆಸ್ಟ್ ಔಲೆಟ್. ಈ ಮೂರು ಮಾತು ನೆನಪಿದ್ರೆ ನನ್ನ ಥರದ ತಪ್ಪು ನೀವು ಮಾಡಲ್ಲ.

ಈಗ ಕಥೆಗೆ ಬರೋಣ.

1872ರ ಕೊನೆಯಲ್ಲಿ, ಈಗ ಛತ್ತೀಸ್‌ಗಢದಲ್ಲಿರೋ ಒಂದು ಕಾಡಲ್ಲಿ, ಬ್ಲೂಯಿಟ್ ಅನ್ನೋ ಅಧಿಕಾರಿ ಈ ಗೂಬೆಯ ಒಂದು ಮಾದರಿ ಸಂಗ್ರಹಿಸಿದ್ರು. ಮಾದರಿ ಅಂದ್ರೆ, ಆಗಿನ ಕಾಲದಲ್ಲಿ ಹಕ್ಕಿನ ಹೊಡೆದು, ಚರ್ಮ ಸುಲಿದು, ಒಳಗೆ ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಿ ಇಡೋದು. ಅದು ಎ.ಓ. ಹ್ಯೂಮ್ ಅವರ ಕೈ ಸೇರಿತು. ಹೌದು, ಶಾಲೆ ಪುಸ್ತಕದಲ್ಲಿ 1885ರ ಕಾಂಗ್ರೆಸ್ ಸ್ಥಾಪನೆ ಪಾಠದಲ್ಲಿ ಬರ್ತಾರಲ್ಲ, ಅವರೇ ಹ್ಯೂಮ್. ಭಾರತದ ಹಕ್ಕಿಗಳ ವಿಷಯದಲ್ಲೂ ಅವರು ದೊಡ್ಡ ಹೆಸರು. ಇದು ಹೊಸ ಜಾತಿ ಅಂತ 1873ರಲ್ಲಿ ಅವರು ಬರೆದ್ರು. ಬ್ಲೂಯಿಟ್ ನೆನಪಿಗೆ ಹೆಟೆರೊಗ್ಲಾಕ್ಸ್ ಬ್ಲೂಯಿಟಿ ಅಂತ ಹೆಸರಿಟ್ಟರು.

ಆಮೇಲೆ ಇನ್ನೊಂದಷ್ಟು ಸಿಕ್ಕವು. ಅವುಗಳಲ್ಲಿ ಹೆಚ್ಚಿನವು ಜೇಮ್ಸ್ ಡೇವಿಡ್‌ಸನ್ ಅನ್ನೋ ಅಧಿಕಾರಿ ಖಾನ್‌ದೇಶದಲ್ಲಿ, ಅಂದ್ರೆ ಈಗಿನ ಮಹಾರಾಷ್ಟ್ರದ ವಾಯವ್ಯ ಭಾಗದಲ್ಲಿ, 1880ರಿಂದ 1884ರ ಒಳಗೆ ಸಂಗ್ರಹಿಸಿದ್ದು. ಎಲ್ಲಾ ಸೇರಿ ನಿಜವಾದ ಮಾದರಿಗಳು ಏಳೇ ಏಳು. 1884 ಆದಮೇಲೆ ಹಕ್ಕಿ ಕಾಣೆ.

ಆದರೆ ಮ್ಯೂಸಿಯಂ ಲೆಕ್ಕದಲ್ಲಿ 1884ರ ನಂತರದ ಮಾದರಿ ಅಂತ ಒಂದು ಇತ್ತು. ಬ್ರಿಟಿಷ್ ಸೈನ್ಯದ ಕರ್ನಲ್ ರಿಚರ್ಡ್ ಮೈನರ್ಟ್ಸ್‌ಹೇಗನ್ ಕೊಟ್ಟಿದ್ದು. ಚೀಟಿಯಲ್ಲಿ ಊರು, ಗುಜರಾತಿನ ತಾಪಿ ನದಿ ಸೀಮೆಯ ಮಾಂಡ್ವಿ. ವರ್ಷ 1914. ಮನುಷ್ಯ ಸಾಮಾನ್ಯನಲ್ಲ. ಯುದ್ಧದಲ್ಲಿ ಹೆಸರು ಮಾಡಿದವನು, ಹಕ್ಕಿಗಳ ಬಗ್ಗೆ ದಪ್ಪ ಪುಸ್ತಕ ಬರೆದವನು, ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಸಾವಿರಾರು ಹಕ್ಕಿ ಮಾದರಿಗಳನ್ನ ದಾನ ಮಾಡಿದವನು. ಅಂಥವನ ಚೀಟಿನ ಯಾರು ಪ್ರಶ್ನೆ ಮಾಡ್ತಾರೆ? ಪುಸ್ತಕಗಳೆಲ್ಲ ಇದನ್ನೇ ಒಪ್ಪಿಕೊಂಡ್ವು. ಕೊನೆಯ ದಾಖಲೆ 1914, ಜಾಗ ಮಾಂಡ್ವಿ.

ಇಲ್ಲಿ ನನ್ನ ಬಿ.ಕಾಂ ಸ್ವಲ್ಪ ಕೆಲಸಕ್ಕೆ ಬರುತ್ತೆ. ಡಿಗ್ರಿ ಮುಗಿಸಿ ಎರಡು ವರ್ಷ ಒಂದು ಆಡಿಟರ್ ಆಫೀಸಲ್ಲಿ ಇದ್ದೆ. ಗೋಡೌನ್‌ಗೆ ಹೋಗಿ ಸ್ಟಾಕ್ ಎಣಿಸೋ ಕೆಲಸ ಹೆಚ್ಚಾಗಿ ನನಗೇ ಬರ್ತಿತ್ತು. ನಮ್ಮ ಸರ್ ಒಂದು ಮಾತು ಯಾವಾಗಲೂ ಹೇಳೋರು: "ರಿಜಿಸ್ಟರ್ ನಂಬಬೇಡ, ಮೂಟೆ ನೋಡು. ಮೂಟೆ ಇದ್ರೂ ನಂಬಬೇಡ, ಎಲ್ಲಿಂದ ಬಂತು ಅಂತ ಕೇಳು." ಒಂದೇ ಮೂಟೆನ ಹಳೇ ಬಿಲ್ಲಿಂದ ತೆಗೆದು ಹೊಸ ಬಿಲ್ಲಿಗೆ ಅಂಟಿಸಿದ್ರೆ, ಎಣಿಕೆಯಲ್ಲಿ ಸಿಕ್ಕಿಬೀಳಲ್ಲ. ಹೊಲಿಗೆಯಲ್ಲಿ, ದಾರದಲ್ಲಿ, ಗುರುತಲ್ಲಿ ಸಿಕ್ಕಿಬೀಳುತ್ತೆ.

ಗೂಬೆಯ ವಿಷಯದಲ್ಲೂ ಆಗಿದ್ದು ಅದೇ. 1990ರ ದಶಕದಲ್ಲಿ ಪಮೇಲಾ ರಾಸ್‌ಮುಸ್ಸೆನ್ ಅನ್ನೋ ಅಮೆರಿಕದ ಪಕ್ಷಿ ವಿಜ್ಞಾನಿ ದಕ್ಷಿಣ ಏಷ್ಯಾದ ಹಕ್ಕಿಗಳ ಬಗ್ಗೆ ಒಂದು ದೊಡ್ಡ ಕೈಪಿಡಿಗಾಗಿ ಕೆಲಸ ಮಾಡ್ತಿದ್ರು. ಮ್ಯೂಸಿಯಂ ಡ್ರಾಯರ್‌ಗಳಲ್ಲಿ ಒಂದೊಂದೇ ಮಾದರಿ ನೋಡಬೇಕಿತ್ತು. ಆ ಹೊತ್ತಿಗಾಗಲೇ ಮೈನರ್ಟ್ಸ್‌ಹೇಗನ್ ಕೊಟ್ಟ ಬೇರೆ ಕೆಲವು ಹಕ್ಕಿಗಳ ಚೀಟಿ ಸರಿಯಿಲ್ಲ ಅಂತ 1993ರಲ್ಲೇ ಅಲನ್ ನಾಕ್ಸ್ ಅನ್ನೋ ವಿಜ್ಞಾನಿ ಬರೆದಿದ್ರು. ರಾಸ್‌ಮುಸ್ಸೆನ್ ಮತ್ತು ನೈಜೆಲ್ ಕಾಲರ್ ಸೇರಿ ಈ ಗೂಬೆನ ಕೂಲಂಕಷವಾಗಿ ಪರೀಕ್ಷೆ ಮಾಡಿದ್ರು. ಎಕ್ಸ್-ರೇ ಕೂಡ ತೆಗೆದ್ರು.

ಹಕ್ಕಿ ಚರ್ಮ ತಯಾರು ಮಾಡೋದ್ರಲ್ಲಿ ಒಬ್ಬೊಬ್ಬರದ್ದು ಒಂದೊಂದು ಕೈ. ನಮ್ಮ ಅಮ್ಮಂದಿರು ರವಿಕೆ ಹೊಲಿಗೆ ನೋಡಿ ಇದು ಯಾವ ಟೈಲರ್‌ದು ಅಂತ ಹೇಳ್ತಾರಲ್ಲ, ಹಾಗೆ. ಮೇಲಿಂದ ಹೊಸದಾಗಿ ತುಂಬಿ ಹೊಲಿದಿದ್ರೂ, ಒಳಗೆ ಡೇವಿಡ್‌ಸನ್ ಕೈಗುರುತು ಉಳಿದಿತ್ತು. ಅಂದ್ರೆ ಅದು 1880ರ ದಶಕದಲ್ಲಿ ಡೇವಿಡ್‌ಸನ್ ಖಾನ್‌ದೇಶದಲ್ಲಿ ಸಂಗ್ರಹಿಸಿದ್ದ ಹಕ್ಕಿ. ಮ್ಯೂಸಿಯಂನಿಂದಲೇ ಎತ್ತಿಕೊಂಡು ಹೋಗಿ, ಮತ್ತೆ ತುಂಬಿ ಹೊಲಿದು, ಹೊಸ ಊರು, ಹೊಸ ವರ್ಷ ಬರೆದು, "ನಾನು ಹಿಡಿದದ್ದು" ಅಂತ ವಾಪಸ್ ಕೊಟ್ಟಿದ್ದು. ಇದರ ವರದಿ 1999ರಲ್ಲಿ ಐಬಿಸ್ ಅನ್ನೋ ಪತ್ರಿಕೆಯಲ್ಲಿ ಬಂತು. ಕರ್ನಲ್ ಆಗ ಬದುಕಿರಲಿಲ್ಲ, 1967ರಲ್ಲೇ ತೀರಿಹೋಗಿದ್ದ.

ಒಂದು ಚೀಟಿಯಿಂದ ಏನಾಗುತ್ತೆ ಅಂತೀರಾ? 1970ರ ದಶಕದಲ್ಲಿ ಸಲೀಂ ಅಲಿ, ಡಿಲನ್ ರಿಪ್ಲಿ ಅಂಥ ಘಟಾನುಘಟಿಗಳು ಈ ಗೂಬೆಗಾಗಿ ಹುಡುಕಾಟಕ್ಕೆ ಇಳಿದ್ರು. ಸಿಗಲಿಲ್ಲ. ಸುಳ್ಳು ಜಾಗವೂ ನಿಜವಾದ ಜಾಗಗಳ ಪಟ್ಟಿಯಲ್ಲಿ ಕೂತಿತ್ತು. ಹಕ್ಕಿ ಅಳಿದೇ ಹೋಯಿತೇನೋ ಅನ್ನೋ ಮಾತು ಬಲವಾಯ್ತು. ಅಳಿದಿದೆ ಅಂದುಕೊಂಡ ಹಕ್ಕಿಗಾಗಿ ಯಾರೂ ಕಾಡು ಉಳಿಸಲ್ಲ. ಸುಳ್ಳು ಚೀಟಿಯ ನಿಜವಾದ ನಷ್ಟ ಅದು. ಹುಬ್ಬಳ್ಳಿಯ ಆ ನಾಲ್ಕು ಹುಡುಗರ ಎರಡು ದಿನ ನನಗೆ ನೆನಪಾಗೋದು ಇಲ್ಲೇ. ಅವನು ಬೇಕಂತ ಮಾಡಿದ, ನಾನು ತಿಳೀದೆ ಮಾಡಿದೆ. ಆದರೆ ಹುಡುಕಿಕೊಂಡು ಹೋದವರಿಗೆ ಎರಡೂ ಒಂದೇ.

ರಾಸ್‌ಮುಸ್ಸೆನ್ ಏನು ಮಾಡಿದ್ರು ಅಂದ್ರೆ, ಆ ಸುಳ್ಳು ನಮೂದನ್ನ ಪಟ್ಟಿಯಿಂದ ಹೊಡೆದು ಹಾಕಿದ್ರು. ಉಳಿದ ನಿಜವಾದ ಮಾದರಿಗಳ ಊರುಗಳಿಗೆ ಹೋಗೋಣ ಅಂತ ತೀರ್ಮಾನ ಮಾಡಿದ್ರು. 1997ರ ನವೆಂಬರ್‌ನಲ್ಲಿ ಬೆನ್ ಕಿಂಗ್ ಮತ್ತು ಡೇವಿಡ್ ಅಬಾಟ್ ಜೊತೆ ಭಾರತಕ್ಕೆ ಬಂದ್ರು. ಮೊದಲು ಪೂರ್ವದ ಕಡೆಯ ಹಳೇ ಜಾಗಗಳಲ್ಲಿ ಹುಡುಕಿದ್ರು. ಇಲ್ಲ. ಆಮೇಲೆ ಪಶ್ಚಿಮಕ್ಕೆ, ಡೇವಿಡ್‌ಸನ್ ಸೀಮೆಗೆ, ಮಹಾರಾಷ್ಟ್ರದ ಶಹಾದಾ ಹತ್ತಿರದ ಸಾತ್ಪುಡಾ ಬೆಟ್ಟದ ಬುಡಕ್ಕೆ ಬಂದ್ರು.

ನವೆಂಬರ್ 25, ಬೆಳಗಿನ ಹೊತ್ತು. ಎಲೆ ಉದುರಿದ ಮರದ ಮೇಲೆ ಬಿಸಿಲು ಕಾಯಿಸಿಕೊಳ್ತಾ ಒಂದು ಪುಟ್ಟ ಗೂಬೆ. ಮೊದಲು ನೋಡಿದ್ದು ಬೆನ್ ಕಿಂಗ್. ಅವರು ಕುಣಿದಾಡಲಿಲ್ಲ. ಒಂದೊಂದೇ ಗುರುತು ಟಿಕ್ ಹಾಕ್ತಾ ಹೋದ್ರು. ನೆತ್ತಿ ಸಾದಾ. ಎದೆ ಗಾಢ. ಹೊಟ್ಟೆ ಬಿಳಿ. ಕಾಲಲ್ಲಿ ಬಿಳಿ ಪುಕ್ಕ. ಬಾಲದಲ್ಲಿ ಅಗಲ ಪಟ್ಟೆ. ಫೋಟೋ, ವಿಡಿಯೋ ತೆಗೆದ್ರು. 113 ವರ್ಷಗಳ ನಂತರ ಹಕ್ಕಿ ಸಿಕ್ಕಿತ್ತು.

ಶಹಾದಾ ಮಾಂಡ್ವಿಯಿಂದ ನೇರ ಗೆರೆ ಎಳೆದ್ರೆ ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಇನ್ನೂ ಒಂದು ತಮಾಷೆ ಇದೆ. ಇತ್ತೀಚಿನ ವರ್ಷಗಳಲ್ಲಿ ಗುಜರಾತಿನ ಡಾಂಗ್ ಕಾಡುಗಳಲ್ಲೂ ಈ ಗೂಬೆ ಸಿಕ್ಕಿದೆ. ಹಾಗಾದ್ರೆ ಕರ್ನಲ್ ಹೇಳಿದ್ದು ಗುಜರಾತೇ ಅಲ್ವಾ, ಸರಿಯಾಯ್ತಲ್ಲ ಅಂತ ನನ್ನ ತಮ್ಮ ಕೇಳಿದ. ಇಲ್ಲ ಕಣೋ ಅಂದೆ. ಕೊನೆಗೆ ಲೆಕ್ಕ ಟ್ಯಾಲಿ ಆದ ಮಾತ್ರಕ್ಕೆ ಸುಳ್ಳು ವೋಚರ್ ನಿಜ ಆಗಲ್ಲ. ಡಾಂಗ್‌ನ ದಾಖಲೆ ನಿಜ, ಯಾಕಂದ್ರೆ ಜನ ಹೋಗಿ ಹಕ್ಕಿ ನೋಡಿ, ಗುರುತು ಬರೆದು, ಫೋಟೋ ಇಟ್ಟಿದ್ದಾರೆ.

1997ರ ನಂತರ ಏನೇನು ಗೊತ್ತಾಯ್ತು? ಫರಾ ಇಷ್ತಿಯಾಕ್, ಅಸದ್ ರಹಮಾನಿ, ಗಿರೀಶ್ ಜಠಾರ್ ಅಂಥ ನಮ್ಮ ದೇಶದ ಸಂಶೋಧಕರು ಕಾಡಲ್ಲಿ ಕೂತು ಇದರ ಬದುಕು ಬರೆದಿದ್ದಾರೆ. ಇದು ದಟ್ಟ ಮಳೆಕಾಡಿನ ಹಕ್ಕಿ ಅಲ್ಲ. ತೇಗ ಹೆಚ್ಚಿರೋ, ಬೇಸಿಗೆಯಲ್ಲಿ ಎಲೆ ಉದುರಿಸೋ, ನಡುನಡುವೆ ಬಯಲಿರೋ ಒಣ ಕಾಡು ಇದಕ್ಕೆ ಬೇಕು. ಮಹಾರಾಷ್ಟ್ರದ ಮೇಳಘಾಟ್, ತೋರಣಮಾಳ್, ಮಧ್ಯಪ್ರದೇಶದ ಖಂಡ್ವಾ ಕಡೆ ಇದೆ. 2014ರಲ್ಲಿ ಮುಂಬೈಗೆ ಹತ್ತಿರದ ತಾನ್ಸಾ ಅಭಯಾರಣ್ಯದಲ್ಲೂ ಕಂಡಿತು. ಮುಂಬೈ ಅಂದ್ರೆ ಎಷ್ಟೊಂದು ಪಕ್ಷಿ ವೀಕ್ಷಕರು ಇರೋ ಊರು! ಅದರ ಮಗ್ಗುಲಲ್ಲೇ ಇದ್ದಿದ್ದು ಅಲ್ಲಿವರೆಗೆ ಗೊತ್ತಿರಲಿಲ್ಲ.

ಬೇಟೆ ಹೆಚ್ಚಾಗಿ ಹಗಲಲ್ಲೇ. ಬೆಳಗ್ಗೆ ಮರದ ತುದಿಯ ಹತ್ತಿರ ಕೂತು ಬಿಸಿಲು ಕಾಯಿಸುತ್ತೆ. ಕೆಳಗೆ ನೆಲ ನೋಡ್ತಾ, ಬಾಲನ ಅತ್ತಿತ್ತ ಆಡಿಸ್ತಾ ಇರುತ್ತೆ. ಓತಿಕ್ಯಾತ, ಹಾವುರಾಣಿ, ಇಲಿ, ಮಿಡತೆ, ಸಣ್ಣ ಹಕ್ಕಿ ಏನಾದ್ರೂ ಕಂಡ್ರೆ ಧುಮುಕುತ್ತೆ. ಆ ದಪ್ಪ ಉಗುರು ಯಾಕೆ ಅಂತ ಆಗ ಗೊತ್ತಾಗುತ್ತೆ.

ಗೂಡು ಮರದ ಪೊಟರೆಯಲ್ಲಿ. ತಾನೇ ಕೊರೆಯೋಕೆ ಬರಲ್ಲ. ಹಳೇ ಮರದಲ್ಲಿ ತಾನಾಗಿ ಆದ ಪೊಟರೆ, ಇಲ್ಲಾಂದ್ರೆ ಮರಕುಟಿಗ ಬಿಟ್ಟುಹೋದದ್ದು ಬೇಕು. ಮೊಟ್ಟೆ ಸಾಮಾನ್ಯವಾಗಿ ಎರಡು. ಹೆಣ್ಣು ಕಾವು ಕೂರುತ್ತೆ, ಗಂಡು ಊಟ ತಂದುಕೊಡುತ್ತೆ. ಮರಿಗಳು ಸುಮಾರು ಒಂದು ತಿಂಗಳಿಗೆ ಪೊಟರೆಯಿಂದ ಹೊರಗೆ ಬರ್ತವೆ. ಕೇಳೋಕೆ ಚಂದದ ಸಂಸಾರ. ಆದರೆ ತಂದೆ ಗೂಬೆ ತನ್ನ ಮರಿಗಳನ್ನೇ ತಿಂದಿದ್ದನ್ನೂ ಸಂಶೋಧಕರು ದಾಖಲಿಸಿದ್ದಾರೆ. ಅದೂ ಈ ಹಕ್ಕಿಯ ಬದುಕಿನ ಭಾಗವೇ.

ಹ್ಯೂಮ್ ಇದಕ್ಕೆ ಬೇರೆಯದೇ ಕುಲ ಕೊಟ್ಟಿದ್ರಲ್ಲ, 2018ರಲ್ಲಿ ಬಂದ ಡಿಎನ್‌ಎ ಅಧ್ಯಯನ ಇದು ಹಾಲಕ್ಕಿ ಇರೋ ಅಥೀನಿ ಕುಲಕ್ಕೇ ಸೇರಿದ್ದು ಅಂತ ತೋರಿಸಿತು. ಅಂದ್ರೆ ನಮ್ಮ ತೋಟದ ಮಾವಿನ ಮರದಲ್ಲಿ ಜಗಳ ಆಡ್ತಿದ್ದ ಜೋಡಿ ಇದರ ನೆಂಟರು. ನಾನು ಫೋಟೋ ತೆಗೆದ ಜಂಗಲ್ ಔಲೆಟ್‌ನ ಕುಲವೇ ಬೇರೆ. ಹೆಸರಲ್ಲಿ ಹತ್ತಿರ, ಸಂಬಂಧದಲ್ಲಿ ದೂರ.

ಅದೇ 2018ರಲ್ಲಿ ಐಯುಸಿಎನ್ ಕೆಂಪು ಪಟ್ಟಿ ಈ ಹಕ್ಕಿನ ತೀವ್ರ ಅಪಾಯದ ಗುಂಪಿನಿಂದ ಅಪಾಯದ ಗುಂಪಿಗೆ ತಂದಿತು. ಒಂದು ಹೆಜ್ಜೆ ಉತ್ತಮ. ಕಾರಣ ಹುಡುಕಿದ ಹಾಗೆಲ್ಲ ಹೊಸ ಜಾಗಗಳಲ್ಲಿ ಸಿಕ್ಕಿದ್ದು. ಆದರೂ ಕಷ್ಟಗಳು ಹಾಗೇ ಇವೆ. ಒಣ ಕಾಡು ನೋಡೋಕೆ ಬರಡು ಥರ ಕಾಣೋದ್ರಿಂದ ಕಡಿಯೋಕೆ ಯಾರಿಗೂ ಮನಸ್ಸು ಚುಚ್ಚಲ್ಲ. ಸೌದೆಗೆ ಮೊದಲು ಹೋಗೋದು ಪೊಟರೆ ಇರೋ ಹಳೇ ಮರಗಳೇ. ಇನ್ನೊಂದು, ಮಾಟ ಮಂತ್ರದ ಹೆಸರಲ್ಲಿ ಗೂಬೆ ಹಿಡಿಯೋದು, ಕೊಲ್ಲೋದು.

ನಮ್ಮ ಅಜ್ಜಿಗೆ ಹಾಲಕ್ಕಿ ಶುಭ, ದೊಡ್ಡ ಗೂಬೆ ಅಪಶಕುನ. ಗೂಬೆ ಮನೆ ಮೇಲೆ ಕೂತ್ರೆ ಮನೆ ಬಿಡಬೇಕು ಅನ್ನೋ ಮಾತು ನೀವೂ ಕೇಳಿರ್ತೀರ. ನಾನು ಫೋಟೋ ತೋರಿಸಿ, "ಅಜ್ಜಿ, ಹಾಲಕ್ಕಿನೂ ಗೂಬೆನೇ" ಅಂದೆ. ಸ್ವಲ್ಪ ಹೊತ್ತು ನೋಡಿದ್ರು. "ಹಂಗಾದ್ರೆ ಪಾಪ ಅದುಕ್ಕೂ ಯಾಕ್ ಕಲ್ಲೊಡೀತಾರ್ ಮಗಾ?" ಅಂದ್ರು. ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ಗೊತ್ತಿರಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಗೂಬೆ ಹಿಡಿಯೋದು, ಮಾರೋದು, ಸಾಕೋದು ಅಪರಾಧ. ಯಾರಾದ್ರೂ ಮಾರ್ತಿರೋದು ಕಂಡ್ರೆ ಅರಣ್ಯ ಇಲಾಖೆಗೆ ತಿಳಿಸಿ. ರೀಲ್ಸ್ ಮಾಡಿ ವೈರಲ್ ಮಾಡೋದು ಆಮೇಲಿನ ಮಾತು.

ಕೊನೆಗೆ, ಈ ತಪ್ಪಿಂದ ನಾನು ರೂಢಿ ಮಾಡಿಕೊಂಡಿರೋ ನಾಲ್ಕು ವಿಷಯ ಹೇಳ್ತೀನಿ.

ಮೊದಲನೇದು, ಹೆಸರು ಆಮೇಲೆ, ಗುರುತು ಮೊದಲು. ಈಗ ಹಕ್ಕಿ ಕಂಡ ಕೂಡಲೇ ಫೋನಲ್ಲಿ ಧ್ವನಿ ನೋಟ್ ಮಾಡ್ತೀನಿ. ನೆತ್ತಿ ಹೀಗಿದೆ, ಕತ್ತು ಹೀಗಿದೆ, ಹೊಟ್ಟೆ ಹೀಗಿದೆ, ಕೂಗಿದ್ರೆ ಹೇಗೆ ಕೂಗಿತು ಅಂತ. ಹೆಸರು ಮನೆಗೆ ಬಂದಮೇಲೆ.

ಎರಡನೇದು, ಅಪರೂಪದ ಹಕ್ಕಿ ಅನಿಸಿದ್ರೆ ಮೊದಲು ಮಾಮೂಲಿ ಹಕ್ಕಿ ಇರಬಹುದಾ ಅಂತ ನೋಡಿ. ಫಾರೆಸ್ಟ್ ಔಲೆಟ್ ಸಿಕ್ಕಿರೋ ಜಾಗಗಳೆಲ್ಲ ಮಧ್ಯ ಭಾರತ ಮತ್ತು ಅದರ ಪಶ್ಚಿಮದ ಅಂಚಿನವು. ನಾನಿದ್ದಿದ್ದು ಜೋಯಿಡಾದಲ್ಲಿ. ಮ್ಯಾಪ್ ಒಂದು ಸಲ ನೋಡಿದ್ರೂ ಸಾಕಿತ್ತು.

ಮೂರನೇದು, ಕೂಗು ಹಾಕಿ ಕರೀಬೇಡಿ. ಮೊಬೈಲಿಂದ ಇನ್ನೊಂದು ಗೂಬೆಯ ಕೂಗು ಬಂದ್ರೆ, ನಿಜವಾದ ಗೂಬೆ ಅದನ್ನ ತನ್ನ ಜಾಗಕ್ಕೆ ಬಂದ ಶತ್ರು ಅಂದುಕೊಳ್ಳುತ್ತೆ. ಬೇಟೆ ಬಿಟ್ಟು, ಮೊಟ್ಟೆ ಬಿಟ್ಟು ಬರುತ್ತೆ. ಗೂಡು ಕಂಡ್ರೆ ಅದರ ನಿಖರ ಜಾಗನ ಇನ್‌ಸ್ಟಾಗ್ರಾಂನಲ್ಲಿ ಹಾಕಬೇಡಿ. ತಪ್ಪು ಜಾಗ ಹೇಳಿದ್ರೆ ಸಂಶೋಧನೆ ಹಾಳು. ಸರಿಯಾದ ಜಾಗನ ಎಲ್ಲರಿಗೂ ಹೇಳಿದ್ರೆ ಗೂಡು ಹಾಳು. ಪಟ್ಟಿಯಲ್ಲಿ ಸರಿಯಾಗಿ ಬರೀರಿ, ಸ್ಟೋರಿಯಲ್ಲಿ ಜಿಲ್ಲೆ ಹೆಸರು ಸಾಕು.

ನಾಲ್ಕನೇದು, ತಪ್ಪು ಗೊತ್ತಾದ ದಿನವೇ ತಿದ್ದಿ. ನನ್ನ ಹಳೇ ಎಪಿಸೋಡ್ ಡಿಲೀಟ್ ಮಾಡೋಣ ಅಂತ ಒಂದು ರಾತ್ರಿ ಯೋಚಿಸಿದೆ. ಯಾರಿಗೂ ಗೊತ್ತಾಗ್ತಿರಲಿಲ್ಲ. ಆದರೆ ಈಗಾಗಲೇ ಶೇರ್ ಆಗಿರೋದನ್ನ ಡಿಲೀಟ್ ಮಾಡೋಕಾಗಲ್ಲ. ನಾನು ಸುಮ್ಮನಿದ್ರೆ ಅದು ನಿಜ ಅಂತಲೇ ಸುತ್ತಾಡ್ತಿರುತ್ತೆ. ಆಡಿಟ್‌ನಲ್ಲೂ ತಪ್ಪು ನಮೂದನ್ನ ವೈಟ್ನರ್ ಹಾಕಿ ಅಳಿಸಲ್ಲ. ಓದೋಕೆ ಬರೋ ಹಾಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ಹಾಕ್ತೀವಿ. ಹಾಗಾಗಿ ಆ ಎಪಿಸೋಡ್ ಅಲ್ಲೇ ಇದೆ. ಶುರುವಲ್ಲಿ "ಇದರಲ್ಲಿ ಹಕ್ಕಿಯ ಹೆಸರು ತಪ್ಪಾಗಿದೆ" ಅಂತ ನನ್ನ ದನಿಯಲ್ಲೇ ಸೇರಿಸಿದ್ದೀನಿ. ಇ-ಬರ್ಡ್ ಪಟ್ಟಿಯಲ್ಲೂ ಜಂಗಲ್ ಔಲೆಟ್ ಅಂತ ತಿದ್ದಿದ್ದೀನಿ.

ಮೂರು ಪ್ರಶ್ನೆ ಕೇಳಿದ ಆ ಹಿರಿಯರಿಗೆ ಥ್ಯಾಂಕ್ಸ್ ಹೇಳಿ ಬರೆದೆ. "ಜಂಗಲ್ ಔಲೆಟ್ ಏನು ಕಡಿಮೇನಾ? ಚೆನ್ನಾಗಿ ನೋಡಮ್ಮಾ" ಅಂತ ಒಂದೇ ಸಾಲಿನ ಉತ್ತರ ಬಂತು. ಹೌದಲ್ವಾ ಅನಿಸಿತು. ಅಪರೂಪದ್ದು ಅಂದುಕೊಂಡಾಗ ಅಷ್ಟು ಖುಷಿಪಟ್ಟವಳು, ಮಾಮೂಲಿ ಅಂತ ಗೊತ್ತಾದ ಕೂಡಲೇ ಆ ಫೋಟೋ ತೆಗೆದೇ ನೋಡಿರಲಿಲ್ಲ. ಮತ್ತೆ ತೆಗೆದು ನೋಡಿದೆ. ಹಳದಿ ಕಣ್ಣು, ಒಂದೊಂದೇ ಎಣಿಸಬಹುದಾದ ಪಟ್ಟೆ. ನನ್ನನ್ನೇ ನೋಡ್ತಾ ಕೂತಿತ್ತು.

ಹುಬ್ಬಳ್ಳಿಯ ಆ ನಾಲ್ಕೂ ಜನ ಮುಂದಿನ ತಿಂಗಳು ಮತ್ತೆ ಹೋಗೋಣ ಅಂದಿದ್ದಾರೆ. ಈ ಸಲ ನಾನೂ ಜೊತೆಗೆ ಹೋಗ್ತೀನಿ. ಸ್ಪೀಕರ್ ಇಲ್ಲ. ಏನು ಕಾಣುತ್ತೋ ಅದನ್ನೇ ಬರೆದುಕೊಂಡು ಬರ್ತೀವಿ.

ನಿಮ್ಮೂರಲ್ಲಿ ಈ ಪುಟ್ಟ ಗೂಬೆಗಳಿಗೆ ಏನಂತ ಕರೀತಾರೆ, ಅದರ ಬಗ್ಗೆ ಮನೆಯಲ್ಲಿ ಏನು ಹೇಳ್ತಾರೆ, ನಿಮ್ಮ ದನಿಯಲ್ಲೇ ರೆಕಾರ್ಡ್ ಮಾಡಿ ಕಳಿಸಿ. ಇವತ್ತಿನ ಎಪಿಸೋಡಲ್ಲಿ ತಪ್ಪು ಕಂಡ್ರೂ ಹೇಳಿ. ಮುಂದಿನ ವಾರ ಸಿಗೋಣ. ನಮಸ್ಕಾರ.